ಕಪ್ಪು ಬಸಿ

ಸೋಮವಾರ ಬೆಳಿಗ್ಗೆ ನಮ್ಮ ಲಾಂಡ್ರಿಯಲ್ಲಿ
ಮಷೀನಿಗಿಂತ ಮೊದಲು ನಾಲಿಗೆ ತಿರುಗುತ್ತದೆ.
ಹಿಂದಿನ ರಾತ್ರಿ ಒಂಬತ್ತಕ್ಕೆ
ಗ್ರಿಮ್ಸ್‌ಬಿಯ ಅರ್ಧ ಊರು ಪರದೆ ಎಳೆದು ಕೂತು ನೋಡಿದ್ದು ಒಂದನ್ನೇ:
ಜಲಾಶಯ ಬತ್ತಿ ಕೆಸರಿನಿಂದ ತಲೆಯೆತ್ತಿದ ವ್ಯಾನು,
ವ್ಯಾನಿನೊಳಗೆ ನಲವತ್ತು ವರ್ಷ ಹಳೆಯ ಹುಡುಗ,
ಅವನ ಒಂದು ಕಾಲಿನ ಬೂಟು.

ಬೆರಿಲ್ ಆಡ್ಲಿಂಗ್ ಸಾಬೂನು ಪುಡಿ ಅಳೆಯುತ್ತಲೇ ತೀರ್ಪು ಕೊಟ್ಟಳು:
"ಪಾದ್ರಿಯೇ. ಮೊದಲ ಕಂತಿಗೇ ಹೇಳಿದ್ದೆ.
ಅಷ್ಟು ಮೆತ್ತಗೆ ಮಾತಾಡುವವನ ಕೈ ನೋಡಬೇಕು ಮೊದಲು."
ಅವಳಿಗೆ ಪ್ರತಿ ಸಲವೂ ಪಾದ್ರಿಯೇ.
ಪಾದ್ರಿ ಇಲ್ಲದ ಕಥೆಯಲ್ಲಿ ಹಲ್ಲಿನ ಡಾಕ್ಟರು.

ಡೆಸ್ಮಂಡ್ ಕ್ರಿಬ್, ಮೂವತ್ತೊಂದು ವರ್ಷ ಕಾನ್‌ಸ್ಟೇಬಲ್ ಆಗಿದ್ದವನು,
ಒದ್ದೆ ಕಾಲುಚೀಲ ಹಿಂಡುತ್ತ ನಕ್ಕ:
"ಪೆಟ್ಟಿಗೆ ತೆಗೆದರೆ ಸಾಕ್ಷ್ಯವೆಲ್ಲ ಇಸ್ತ್ರಿ ಮಾಡಿದ ಹಾಗೆ, ಚೀಟಿ ಸಮೇತ!
ನಮ್ಮ ನೆಲಮಾಳಿಗೆಗೆ ಎಂಬತ್ತೈದರಲ್ಲಿ ನೀರು ನುಗ್ಗಿ
ಮೂರು ಕೊಲೆ ಗಂಜಿಯಾದವು.
ಸಲಿಕೆಯಲ್ಲಿ ಎತ್ತಿ ಹಾಕಿದ್ದು ನಾನೇ."
ಆ ನಗು ಅವನ ಮುಖದಲ್ಲಿ
ಬೇಕಾದ್ದಕ್ಕಿಂತ ಸ್ವಲ್ಪ ಹೊತ್ತು ಹೆಚ್ಚಿಗೆ ನಿಂತಿತ್ತು,
ಬಾಗಿಲು ಹಾಕಿದ ಅಂಗಡಿಯಲ್ಲಿ ಆರಿಸಲು ಮರೆತ ದೀಪದಂತೆ.

ಮೀನಿನ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬಂದ ಯುರ್ಗಿತಾ
ಲಿಥುವೇನಿಯಾದವಳು; ಮರುಪ್ರಸಾರವನ್ನು ಫೋನಿನಲ್ಲಿ ನೋಡುತ್ತಾಳೆ,
ಕೆಳಗಿನ ಅಕ್ಷರ ಓದಿ ಇಂಗ್ಲಿಷು ಕಲಿಯಲು.
ಊಟದಲ್ಲಿ ಮಿಕ್ಕಿದ್ದಕ್ಕೂ ಮನುಷ್ಯನಲ್ಲಿ ಮಿಕ್ಕಿದ್ದಕ್ಕೂ
ನಿಮ್ಮದು ಒಂದೇ ಮಾತಾ, ಎಂದು ಕೇಳಿದಳು.
ಹೌದಲ್ಲ, ಎಂದೆವು. ಯಾರೂ ಯೋಚಿಸಿರಲಿಲ್ಲ.

ಆಮೇಲೆ ಜಗಳ ಇನ್ಸ್‌ಪೆಕ್ಟರಮ್ಮನ ಮೇಲೆ ಹೊರಳಿತು.
ಅವಳು ಕಾರಿನಲ್ಲಿ ಕೂತು ಅತ್ತದ್ದು ಸರಿಯೇ?
"ಸಂಬಳ ತಗೊಂಡು ಅಳೋದೇ?" ಎಂದ ಡೆಸ್ಮಂಡ್.
"ಅಳದಿದ್ದರೆ ನಾನು ಟಿವಿ ಆರಿಸುತ್ತಿದ್ದೆ," ಎಂದೆ ನಾನು.
ಬೆರಿಲ್‌ಗೆ ಅವಳ ಹಸಿರು ಕೋಟು ಬೇಕು, ಅದಕ್ಕಿಂತ ಹೆಚ್ಚೇನೂ ಅಲ್ಲ.
ಮತ್ತೆ ಅವಳೇ ಸ್ವಲ್ಪ ತಡೆದು:
"ಪಾದ್ರಿಗೂ ಎಂಬತ್ತೊಂದು ಈಗ. ಟೊಮೆಟೊ ಬೆಳೆಯುತ್ತಾನೆ.
ಇಷ್ಟು ವರ್ಷದ ಮೇಲೆ ಕೆದಕಿ
ಯಾರಿಗೆ ಏನು ಸಿಗುತ್ತದೆ, ಹೇಳಿ?"

ಏಳನೆಯ ಮಷೀನಿನ ಎದುರು ಎನಿಡ್ ಡ್ರೂರಿ.
ಆರು ವರ್ಷದಿಂದ ಬರುತ್ತಾಳೆ,
ಚಿಲ್ಲರೆ ಕೇಳುವುದು ಬಿಟ್ಟು ಬಾಯಿ ತೆರೆದವಳಲ್ಲ.
ಗಾಜಿನಾಚೆ ಸುತ್ತುವ ತನ್ನ ಬಿಳಿ ಹೊದಿಕೆ ನೋಡುತ್ತಲೇ ಅಂದಳು:
"ಆ ತಾಯಿ ಕಪ್ಪು ಬೀಳಿಸಬಾರದಿತ್ತು."

ಏನು?

"ಬಾಗಿಲಲ್ಲಿ ಇಬ್ಬರು ನಿಂತು, ಸಿಕ್ಕಿದ ಅಂದಾಗ.
ಕಪ್ಪು ಬೀಳುವುದಿಲ್ಲ.
ಬಸಿಯ ಮೇಲೆ ಇಡುತ್ತೀರಿ.
ಹಿಡಿ ಬಲಕ್ಕೆ ಬರುವ ಹಾಗೆ ತಿರುಗಿಸುತ್ತೀರಿ.
ಒಳಗೆ ಬನ್ನಿ ಅನ್ನುತ್ತೀರಿ, ಸಕ್ಕರೆ ಎಷ್ಟು ಎಂದು ಕೇಳುತ್ತೀರಿ.
ಚಿಕ್ಕವನು ಎರಡು ಅಂದ.
ಎರಡು ಹಾಕಿ, ಕಲಕಿ ಕೊಟ್ಟೆ.
ಅವನ ಕೈ ನಡುಗುತ್ತಿತ್ತು. ನನ್ನದಲ್ಲ."

ಮೂರನೆಯ ಡ್ರೈಯರು ನಿಂತಿತು.
ಅದರಲ್ಲಿದ್ದ ಬಟ್ಟೆ ಯಾರದೆಂದು ಯಾರಿಗೂ ನೆನಪಾಗಲಿಲ್ಲ.
ಯುರ್ಗಿತಾ ಒಂದು ಹೆಜ್ಜೆ ಎದ್ದು ಮತ್ತೆ ಕೂತಳು.
ಯಾವ ವರ್ಷ ಎಂದು ಡೆಸ್ಮಂಡ್ ಕೇಳಲಿಲ್ಲ,
ಎರಡು ಕಾಲುಚೀಲ ಜೋಡಿಯೇ ಎಂದು
ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ.

ಎನಿಡ್ ಹೊದಿಕೆ ತೆಗೆದಳು. ಮಡಿಸಲು ಇನ್ನೊಂದು ತುದಿ ಬೇಕಿತ್ತು;
ಬೆರಿಲ್ ಹೋಗಿ ಹಿಡಿದಳು.
ಇಬ್ಬರೂ ಹತ್ತಿರ ಬಂದರು, ದೂರ ಹೋದರು, ಹತ್ತಿರ ಬಂದರು,
ಹೊದಿಕೆ ಚಿಕ್ಕದಾಗುತ್ತ ಬಂತು.

ಬರುವ ಭಾನುವಾರ ಕೊನೆಯ ಕಂತು, ನೋಡುತ್ತೀಯಾ, ಎಂದೆ,
ಕೇಳಬಾರದಿತ್ತೇನೋ ಅಂದುಕೊಳ್ಳುತ್ತಲೇ.

"ನೋಡದೆ?" ಎಂದಳು, ಚೀಲ ಹೆಗಲಿಗೆ ಹಾಕುತ್ತ,
"ಆ ಹುಡುಗನ ಇನ್ನೊಂದು ಬೂಟು ಸಿಕ್ಕಿಲ್ಲವಲ್ಲ ಇನ್ನೂ."

ಬಾಗಿಲ ಗಂಟೆ ಅಲುಗಿ ಸುಮ್ಮನಾಯಿತು.
ಅವಳಿಗೆ ಕೊಡಬೇಕಿದ್ದ ಇಪ್ಪತ್ತು ಪೆನ್ಸು
ನನ್ನ ಅಂಗೈಯಲ್ಲೇ ಮಿಕ್ಕಿತ್ತು.