ದೀವದ ಹಕ್ಕಿ

ಬಾಗೇಪಲ್ಲಿಯ ಪಂಕ್ಚರ್ ಅಂಗಡಿಯಲ್ಲಿ
ಇಮ್ತಿಯಾಜ್ ಕಳಿಸಿದ ವಿಡಿಯೊ ನೋಡುತ್ತಿದ್ದೆವು.
ಗಲ್ಫಿನ ಯಾವುದೋ ಊರು, ನೀಲಿ ಕೊಳ,
ಅವನ ಬಕೆಟ್‌ನಲ್ಲಿ ಐಸು ಮೆತ್ತಿದ ಸತ್ತ ಮೀನು.
ಸೀಟಿ ಊದಿದರೆ ಡಾಲ್ಫಿನ್ ಎಗರುತ್ತೆ, ರಿಂಗಿನೊಳಗೆ ತೂರುತ್ತೆ,
ದಡಕ್ಕೆ ಬಂದು ಬಾಯಿ ತೆರೆಯುತ್ತೆ.

"ನಗ್ತಾ ಐತೆ ನೋಡೋ" ಅಂದ ಯಾರೋ.
ಕೆಳಗೆ ಇಮ್ತಿಯಾಜ್ ಬರೆದಿದ್ದ:
ನಗು ಅಲ್ಲಣ್ಣ, ದವಡೆ ಇರೋದೇ ಹಂಗೆ.
ಮೊನ್ನೆ ಸತ್ತಿದ್ದೂ ಹಿಂಗೇ ನಗ್ತಿತ್ತು.

ಗಂಗುಲಪ್ಪ ಮಾವನ ಬಿದಿರು ಪಂಜರ,
ಅದರ ಹಸಿರು ಗವುಸು.
ಒಳಗೆ ಗೌಜಲಹಕ್ಕಿ, ಮರಿಯಿಂದ ಸಾಕಿದ್ದು.
ತಾನು ಉಣ್ಣುವ ಮೊದಲು
ಹುತ್ತ ಕೆದಕಿ ಗೆದ್ದಲು ತಂದು ತಿನ್ನಿಸೋನು.
ನಸುಕಿಗೆ ಕೆರೆಯಂಗಳದ ಜಾಲಿಯ ಬುಡದಲ್ಲಿಟ್ಟು
ಸುತ್ತ ಕುದುರೆಕೂದಲ ಉರುಲು ನೆಟ್ಟು
ಗವುಸು ಎತ್ತಿದರೆ
ಕೂಗುತ್ತಿತ್ತು,
ಬಂಡೆಗೆ ಬಡಿದು ಬಂಡೆ ತಿರುಗಿ ಕೂಗುವ ಹಾಗೆ.
ಪೊದೆಯಿಂದ ಇನ್ನೊಂದು ಓಗೊಡುತ್ತಿತ್ತು.
ಹತ್ತಿರ. ಇನ್ನೂ ಹತ್ತಿರ.

ಚೀಲ ಹಿಡಿದು ಕೂತ ನನಗೆ ಎಂಟು ವರ್ಷ.
"ಏನಂತ ಕೂಗುತ್ತೆ ಮಾವಾ?"
"ಇದು ನನ್ನ ಜಾಗ, ಆಚೆ ಹೋಗು ಅಂತ."

ಪಂಜರ ಒಂದು ಗೇಣು, ಮೂರು ಬೆರಳು.
ಯಾವ ಜಾಗ ಅಂತ ನಾನು ಕೇಳಲಿಲ್ಲ.
ಸಾರು ಬಲು ಚೆನ್ನಾಗಿರುತ್ತಿತ್ತು.

ಪಕ್ಕದಲ್ಲಿ ಬಾಬಾಜಾನ್ ಟ್ಯೂಬನ್ನು ತೊಟ್ಟಿಯಲ್ಲಿ ಅದುಮಿ
ಉಸಿರು ಎಲ್ಲಿ ಸೋರುತ್ತಿದೆಯೆಂದು ಹುಡುಕುತ್ತಿದ್ದ.
ಫೋನಿನಲ್ಲಿ ಮತ್ತೆ ಸೀಟಿ.
ನಾವೂ ಬಾಯಿ ತೆರೆದುಕೊಂಡೇ ಇದ್ದೆವು.