ಒಳನಾಡಿನಲ್ಲಿ ಒಣಹವೆ

ಸಂಜೆ ವಾರ್ತೆ ಮುಗಿದು ಹವಾಮಾನ ಬರುವ ಹೊತ್ತಿಗೆ
ಪಂಚರಿನ ತೊಟ್ಟಿಯಲ್ಲಿ ಅದ್ದಿರುತ್ತದೆ ನನ್ನ ಕೈ.
ಟ್ಯೂಬಿನಿಂದ ಗುಳ್ಳೆ ಏಳುವ ಜಾಗ ಹುಡುಕುತ್ತ
ಒಂದು ಕಿವಿಯನ್ನು ರೇಡಿಯೋಗೆ ಕೊಟ್ಟಿರುತ್ತೇನೆ,
ನನಗಾಗಿ ಅಲ್ಲ,
ಎದುರು ಸಾಲಿನ ಅಂಜಿನಮ್ಮನಿಗಾಗಿ.

"ಏನಂದ್ರು ಪಾಷಣ್ಣ, ನಮ್ಮ ಸಮುದ್ರ?"

ನಮ್ಮ ಸಮುದ್ರ ಅನ್ನುತ್ತಾಳೆ!
ಮುಳಬಾಗಿಲು ಬಿಟ್ಟು ಪಶ್ಚಿಮಕ್ಕೆ
ಕೋಲಾರದ ಆಸ್ಪತ್ರೆ ದಾಟಿದವಳಲ್ಲ.
ಆದರೂ ಮಲ್ಪೆಯಲ್ಲಿ ಗಾಳಿ ಎದ್ದರೆ
ಮೂರನೇ ಬೆಳಗ್ಗೆ ಇವಳ ಹಲಗೆಯ ಮೇಲೆ
ಬಂಗುಡೆಗೆ ಮೂವತ್ತು ರೂಪಾಯಿ ಹೆಚ್ಚು.
ಅಲ್ಲಿ ದೋಣಿ ದಡದಲ್ಲೇ ಮಲಗಿದರೆ
ಇಲ್ಲಿ ಇವಳ ತಕ್ಕಡಿಯೂ ಮಲಗುತ್ತದೆ,
ಇಲ್ಲವೇ ಕೆರೆಯ ಕಾಟ್ಲಾ ತಂದಿಟ್ಟು
ಮುಖ ಗಂಟು ಹಾಕಿಕೊಂಡು ಕೂರುತ್ತಾಳೆ,
ಮಲಮಗುವನ್ನು ಸಾಕುವವಳ ಹಾಗೆ.

ಶಿವರಾತ್ರಿ ಆಯಿತು.
ಚಳಿ ಶಿವಶಿವಾ ಅಂತ ಹೋಯಿತು ಅನ್ನುತ್ತಾರೆ,
ಹೋಗಿದ್ದು ನಿಜ,
ಬೆಳಗ್ಗೆ ನಾಲ್ಕಕ್ಕೆ ನನ್ನ ಮಂಡಿಗೆ ಸಾಕಾಗುವಷ್ಟು
ಬಿಟ್ಟು ಹೋಗಿದೆ.
ಅಂಗಡಿ ಮುಂದಿನ ಹೊಂಗೆ ಇದ್ದಬದ್ದ ಎಲೆ ಉದುರಿಸಿ
ವಾರದೊಳಗೆ ಹೊಸದು ತೊಟ್ಟು ನಿಂತಿದೆ.
ಎಳೆ ಎಲೆಗೆ ಬಿಸಿಲು ಬಿದ್ದರೆ
ಈಗಷ್ಟೇ ಎಣ್ಣೆ ಕುಡಿದ ಚೈನಿನ ಹೊಳಪು.
ದೂರದಲ್ಲೆಲ್ಲೋ ಹುಣಸೆ ಬಡಿಯುವ ಸದ್ದು.

ರೇಡಿಯೋದವರು ಯಾವಾಗಲೂ
ಕರಾವಳಿಯಿಂದಲೇ ಶುರು ಮಾಡುತ್ತಾರೆ.
ಅಲೆ ಎಷ್ಟು ಎತ್ತರ, ಗಾಳಿ ಯಾವ ಕಡೆಯಿಂದ,
ಮೀನುಗಾರರು ಇಳಿಯಬಹುದೋ ಬೇಡವೋ,
ಮನೆಯ ಹಿರಿಮಗನ ಯೋಗಕ್ಷೇಮ ಕೇಳಿದಂತೆ.
ಕಟ್ಟಕಡೆಗೆ, ತಟ್ಟೆ ಒರೆಸಿ ಹಾಕಿದ ಹಾಗೆ, ನಮ್ಮ ಪಾಲು:
ದಕ್ಷಿಣ ಒಳನಾಡಿನಲ್ಲಿ ಒಣಹವೆ.
ಅಷ್ಟರೊಳಗೆ ಆರಿಸಿಬಿಡುತ್ತೇನೆ ನಾನು.
ಗೊತ್ತಿರುವ ಸುದ್ದಿಗೆ
ಬ್ಯಾಟರಿ ಯಾಕೆ ಸುಡಬೇಕು?

ಆ ಮಂಗಳವಾರ ಕೈಗೆಲ್ಲ ಸೊಲ್ಯೂಷನ್ ಮೆತ್ತಿತ್ತು,
ಗುಂಡಿ ತಿರುಗಿಸಲಾಗದೆ ಕೊನೆಯವರೆಗೂ ಕೇಳಿದೆ.
ಕರಾವಳಿಯಲ್ಲಿ ಒಣಹವೆ, ಕಡಲು ಶಾಂತ.
ದಕ್ಷಿಣ ಒಳನಾಡಿನ ಒಂದೆರಡು ಕಡೆ
ಗುಡುಗು, ಬಿರುಗಾಳಿ, ಆಲಿಕಲ್ಲು.

ಒಂದೆರಡು ಕಡೆ.
ಯಾವುದು ಆ ಒಂದು, ಯಾವುದು ಎರಡು?
ನನ್ನ ಐವತ್ತೆಂಟು ವರ್ಷದಲ್ಲಿ
ಅವರ ಎಣಿಕೆಯೊಳಗೆ ನಮ್ಮೂರು ಬಂದಿರಲಿಲ್ಲ.
"ಸಮುದ್ರ ತಣ್ಣಗಿದೆಯಂತೆ ಕಣಮ್ಮ" ಎಂದಷ್ಟೇ ಕೂಗಿ
ಮುಂದಿನ ಟ್ಯೂಬಿಗೆ ಗಾಳಿ ತುಂಬಿದೆ.
ಅವಳು ಫೋನಿನಲ್ಲಿ ಎರಡು ಡಬ್ಬ ಹೆಚ್ಚಿಗೆ ಹೇಳಿದಳು.

ಗುರುವಾರ ಮಧ್ಯಾಹ್ನ ಮೂರೂವರೆ.
ಬಂಡೆಗಳ ಹಿಂದಿನಿಂದ ಎದ್ದ ಮೋಡ
ಕೆಟ್ಟ ಗಾಯದ ಬಣ್ಣಕ್ಕೆ ತಿರುಗಿ
ಬಸ್ ಸ್ಟ್ಯಾಂಡಿನ ಮೇಲೆ ಬಂದು ನಿಂತಿತು.
ಮೊದಲ ಕಲ್ಲು ನನ್ನ ತೊಟ್ಟಿಗೇ ಬಿತ್ತು, ಡುಬುಕ್.
ಆಮೇಲೆ ತಗಡು, ಬೈಕು, ಟೊಮೆಟೊ ಕ್ರೇಟು,
ಊರಿಗೆ ಊರೇ ಬಾಣಲೆಯ ಸಾಸಿವೆ.

ಮಾವಿನ ತೋಪು ಗುತ್ತಿಗೆ ಹಿಡಿದ ಸೊಣ್ಣೇಗೌಡರು
ನನ್ನ ಸೂರಿನಡಿ ಓಡಿ ಬಂದು ನಿಂತರು,
ಬಾಯಿ ಬಿಡಲಿಲ್ಲ.
ಚರಂಡಿಯಲ್ಲಿ ಹೂಗೊಂಚಲೊಂದು ತೇಲಿ ಬಂತು.
ಅದು ಅವರ ತೋಪಿನದಲ್ಲ,
ಅವರ ತೋಪು ಎಂಟು ಮೈಲಿ ಆಚೆಗಿದೆ,
ಆದರೂ ಬಗ್ಗಿ ಎತ್ತಿಕೊಂಡರು.

ಅಂಜಿನಮ್ಮ ಎಲ್ಲಿ?
ತಲೆಗೆ ಅಲ್ಯೂಮಿನಿಯಂ ಬೋಸಿ ಕವುಚಿಕೊಂಡು
ತಕ್ಕಡಿಯ ತಟ್ಟೆಯಿಂದ
ರಸ್ತೆಯ ಮೇಲಿನ ಆಕಾಶವನ್ನು ಬಾಚಿ ಬಾಚಿ
ಮೀನಿನ ಡಬ್ಬಕ್ಕೆ ಸುರಿಯುತ್ತಿದ್ದಾಳೆ.
"ಐಸು ಪಾಷಣ್ಣ, ಐಸು! ಪುಕ್ಕಟೆ!"
ಬೋಸಿ ಠಣ್ ಠಣ್ ಅನ್ನುತ್ತಿದೆ, ನಗುತ್ತಿದ್ದಾಳೆ.
ಅಲ್ಲಿಯ ಬಂಗುಡೆಯ ಮೇಲೆ
ಇಲ್ಲಿಯ ಮೋಡ ಕರಗತೊಡಗಿತು.

ಮಳೆ ನಿಂತ ಮೇಲೆ ತಪ್ಪೊಪ್ಪಿಕೊಂಡೆ.
ಕೊನೆ ಸಾಲು ನಾನೂ ಕೇಳಿದ್ದೆ ಕಣಮ್ಮ,
ಹೇಳಲಿಲ್ಲ.
ಅವಳು ಒಂದು ಮೀನಿನ ಕಿವಿರು ಎತ್ತಿ ನೋಡಿ,
ಇನ್ನೂ ಕೆಂಪಗಿದೆಯೆಂದು ಖಾತ್ರಿ ಮಾಡಿಕೊಂಡು,
"ಹೇಳಿದ್ದಿದ್ರೆ ಟಾರ್ಪಾಲು ಕಟ್ಬಿಡ್ತಿದ್ದೆ" ಅಂದಳು,
"ಐಸೆಲ್ಲ ಆಚೆ ಬಿದ್ದೋಗ್ತಿತ್ತು."

ಗೌಡರು ಅರ್ಧ ಕೆಜಿ ತೂಗಿಸಿಕೊಂಡರು.
ಹೂಗೊಂಚಲು ಜೇಬಿನಲ್ಲೇ ಇತ್ತು.
ನನ್ನ ತೊಟ್ಟಿ ತುಂಬಿ ಹೊರಗೆ ಹರಿದಿತ್ತು.
ಕೈ ಅದ್ದಿದೆ, ಎಲುಬಿನವರೆಗೂ ತಣ್ಣಗೆ.
ಯಾರದೋ ಹಿಂದಿನ ಚಕ್ರದ ಟ್ಯೂಬು ಮುಳುಗಿಸಿ
ಗುಳ್ಳೆಗಾಗಿ ಕಾದೆ.