ಕೈಗೆ ಬೇಡ

ಚಳಿಗೆ ಗಟ್ಟಿಯಾಗಿತ್ತು, ಚಮಚ ಬಾಗಿತು.
ಉಗುರಲ್ಲಿ ಕೆರೆದು ಅಂಗೈಲಿಟ್ಟು ಉಜ್ಜಿದೆ.
ಹೊಗೆ ಹಿಡಿದ ಕಡಲೆಬೀಜದ ವಾಸನೆ.

ತಮ್ಮನ ಮಗಳಿಗೆ ನಿಕಾಹ್ ಜಡೆ ಹಾಕಿಸಲು ಬಂದ ಖಮರುನ್ನೀಸಾ
ಕನ್ನಡಿಗೆ ಬೆನ್ನು ಮಾಡಿ ಕೂತಿದ್ದಳು.
"ಯಾವ ಹಸುವಿನ ಬೆಣ್ಣೆ?"
ಹಸುವಲ್ಲ, ಮರದ್ದು, ಶಿಯಾ ಅಂತ. ಆಫ್ರಿಕಾದಲ್ಲಿ
ಹೆಂಗಸರು ಬೀಜ ಕುಟ್ಟಿ, ಹುರಿದು, ಬಿಸಿನೀರಲ್ಲಿ ಕಲಸಿ ತೆಗೀತಾರಂತೆ.
"ಬಿಸಿನೀರಲ್ಲಾ? ಹಂಗಾದ್ರೆ ಅವರ ಕೈ ಹೆಂಗಿದಾವಂತೆ?"
ಡಬ್ಬಿ ತಿರುಗಿಸಿ ನೋಡಿದೆ.
ಬರೆದಿರಲಿಲ್ಲ.

ಹುಡುಗಿಯ ಕೂದಲ ತುದಿಗೆ ಸವರಿ
ಉಳಿದದ್ದನ್ನು ಇವಳ ಕೈಗೆ ಹಚ್ಚಹೋದೆ.
ಇಪ್ಪತ್ತೆರಡು ವರ್ಷ
ಗೂಡು ಬೇಯುವ ನೀರಲ್ಲಿ ಎಳೆ ಹುಡುಕಿದ ಬೆರಳು,
ತುದಿ ಬೆಳ್ಳಗೆ ಬೆಂದು, ಗೆರೆ ಅಳಿಸಿ,
ರೇಷನ್ ಅಂಗಡಿಯ ಯಂತ್ರ
ಮೂರು ಸಲ ಒತ್ತಿದರೂ ಯಾರೆಂದು ಒಪ್ಪದ ಬೆರಳು.

ಸರಕ್ಕನೆ ಎಳೆದುಕೊಂಡಳು.
"ಬೇಡ ಮುನಿರತ್ನಾ, ಜಿಡ್ಡು ಕೈಗೆ ಎಳೆ ಸಿಗಲ್ಲ.
ನಾಳೆ ನಾಲ್ಕಕ್ಕೇ ಒಲೆ ಹಚ್ಚಬೇಕು.
ನೂಲು ಕಲೆಯಾದ್ರೆ ಕೂಲೀಲಿ ಮುರ್ಕೋತಾನೆ."

ಹುಡುಗಿ ಮೊಗ್ಗು ಎಣಿಸುತ್ತಿದ್ದಳು.
ಸ್ವಲ್ಪ ಹೊತ್ತಾದ ಮೇಲೆ ತಾನೇ ಚಪ್ಪಲಿ ಬಿಟ್ಟು
ಹಿಮ್ಮಡಿ ಮುಂದೆ ಚಾಚಿದಳು.
"ಇದಕ್ಕೆ ಹಚ್ಚು. ಕಾಲು ರೇಷ್ಮೆ ಮುಟ್ಟಲ್ಲ."

ಬಿರುಕೊಳಗೆ ಇಳಿಯಲು ಹೊತ್ತು ಹಿಡಿಯಿತು.
ಬೆಣ್ಣೆ ಕರಗಿತು, ನಾನು ಮತ್ತೆ ಕೆರೆದೆ.
ಅವಳು ಕಣ್ಣು ಮುಚ್ಚಿದ್ದಳೋ, ತೂಕಡಿಸಿದಳೋ.

ಸಂಜೆ ಶಿಡ್ಲಘಟ್ಟದ ಗೂಡು ಮಾರುಕಟ್ಟೆ ರಸ್ತೆಯಲ್ಲಿ
ಜಾರುವ ಚಪ್ಪಲಿ ಕೈಯಲ್ಲಿ ಹಿಡಿದು
ನಡೆದೇ ಹೋದಳು, ಯಾರನ್ನೋ ಬೈಯುತ್ತಾ, ನಗುತ್ತಾ.
ಹಚ್ಚಿದ್ದಕ್ಕೆಲ್ಲ ಮಣ್ಣು ಮೆತ್ತಿತ್ತು.